ಮಾತಾಡುವವರಿಲ್ಲದ ಮಾತು

ಚಿಕ್ಕಂದಿನಲ್ಲಿ ‘ಕ’ ಭಾಷೆ ಆಡದೆ ಬೆಳೆದ ಕನ್ನಡಿಗರು ವಿರಳವೆಂದೇ ಹೇಳಬೇಕು. ಪ್ರತಿಯೊಂದು ಅಕ್ಷರಕ್ಕೂ ಮೊದಲು ಒಂದು ‘ಕ’ಕಾರವನ್ನು ಸೇರಿಸಿ, ‘ನೀನು ಬಾ’ ಎಂಬುದನ್ನು ‘ಕನೀಕನು ಕಬಾ’ ಎಂದು ವೇಗವಾಗಿ ಉಚ್ಚರಿಸಿಬಿಟ್ಟರೆ ಸಾಕು, ಹಿರಿಯರ ಎದುರಿಗೇ ನಮ್ಮ ಒಳಸಂಚು ಭದ್ರವಾಗಿರುತ್ತದೆಂದು ಆಗ ನಾವು ನಂಬಿದ್ದೆವು. ಆ ಹಿರಿಯರೂ ಒಂದು ಕಾಲಕ್ಕೆ ಹುಡುಗರಾಗಿದ್ದರು, ಅವರಿಗೆ ಎಲ್ಲವೂ ತಿಳಿಯುತ್ತಿತ್ತು ಎಂಬ ಸಂಗತಿ ನಮಗೆ ಹೊಳೆದದ್ದು ಬಹಳ ತಡವಾಗಿ. ಮೀಸೆ ಮೂಡುವ ಹೊತ್ತಿಗೆ ಈ ಆಟ ಗೋಲಿ ಬುಗುರಿಗಳ ಜೊತೆ ಮೂಲೆ ಸೇರುತ್ತದೆ. ಕೆಲವರಲ್ಲಿ ಮಾತ್ರ ಅದು ವಯಸ್ಸಿನೊಂದಿಗೆ ತಾನೂ ಬೆಳೆಯುತ್ತದೆ. ಅಂಥವರೊಬ್ಬರು ನಲವತ್ತರ ಅಂಚಿನಲ್ಲಿದ್ದಾಗ, ಸಭೆಯೊಂದರಲ್ಲಿ ಎದ್ದುನಿಂತು ಸಂಕೋಚದಿಂದ ಮಾಡಿದ ನಿವೇದನೆಯೇ ನಾನು ಇಲ್ಲಿ ಪರಿಶೀಲಿಸಬೇಕೆಂದಿರುವ ಪ್ರಬಂಧ.

ಪ್ರಬಂಧದ ಹೆಸರು ‘ಎ ಸೀಕ್ರೆಟ್ ವೈಸ್’. ನಾವು ‘ಗುಟ್ಟಿನ ಚಟ’ ಎನ್ನೋಣ. ಲೇಖಕರು ಆಕ್ಸ್‌ಫರ್ಡಿನಲ್ಲಿ ಆಂಗ್ಲೋ-ಸ್ಯಾಕ್ಸನ್ ಭಾಷೆಯ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಆರ್. ಟೋಲ್ಕೀನ್. 1931ರಲ್ಲಿ ಅಲ್ಲಿನ ಪೆಂಬ್ರೋಕ್ ಕಾಲೇಜಿನ ಜಾನ್ಸನ್ ಸಂಘದಲ್ಲಿ ಅವರು ಓದಿದ ಉಪನ್ಯಾಸವಿದು. ಆಗ ‘ದಿ ಹಾಬಿಟ್’ ಇನ್ನೂ ಅಚ್ಚಾಗಿರಲಿಲ್ಲ. ಅದು ಬಂದದ್ದು 1937ರಲ್ಲಿ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಹೊರಬಂದದ್ದಂತೂ 1954-55ರಲ್ಲಿ. ಈ ಉಪನ್ಯಾಸವು ಅವರು 1973ರಲ್ಲಿ ತೀರಿಕೊಂಡು ಹತ್ತು ವರ್ಷಗಳಾದ ಮೇಲೆ, ಮಗ ಕ್ರಿಸ್ಟೋಫರ್ ಸಂಪಾದಿಸಿದ ಪ್ರಬಂಧ ಸಂಗ್ರಹದಲ್ಲಿ ಬೆಳಕು ಕಂಡಿತು. 2016ರಲ್ಲಿ ಕರಡು ಟಿಪ್ಪಣಿಗಳ ಸಹಿತ ಪ್ರತ್ಯೇಕ ಪುಸ್ತಕವಾಗಿಯೂ ಬಂದಿದೆ.

ಚಟ ಯಾವುದೆಂದರೆ, ಮನೆಯಲ್ಲಿ ಕುಳಿತು ಹೊಸ ಭಾಷೆಗಳನ್ನು ಕಟ್ಟುವುದು. ಟೋಲ್ಕೀನರು ಯುದ್ಧಕಾಲದ ಸೈನಿಕ ತರಬೇತಿಯ ಒಂದು ಪ್ರಸಂಗವನ್ನು ಹೇಳುತ್ತಾರೆ. ಒದ್ದೆ ಡೇರೆಯೊಳಗೆ ಬೇಸರದ ಪಾಠ ನಡೆಯುತ್ತಿರುತ್ತದೆ. ಪಕ್ಕದಲ್ಲಿದ್ದವನೊಬ್ಬ ಇದ್ದಕ್ಕಿದ್ದಂತೆ, ದ್ವಿತೀಯಾ ವಿಭಕ್ತಿಯನ್ನು ಪದದ ಮುಂದೆ ಉಪಸರ್ಗ ಹಚ್ಚಿ ಸೂಚಿಸುವುದೆಂದು ನಿರ್ಧರಿಸಿದವನಂತೆ ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತಾನೆ. ಟೋಲ್ಕೀನರಿಗೆ ಒಡನೆ ಅರ್ಥವಾಗುತ್ತದೆ: ಇವನೂ ನಮ್ಮವನೇ! ಆದರೆ ಆತ ಮತ್ತೆ ಬಾಯಿ ಬಿಡಲಿಲ್ಲ. ಕುಡಿತವನ್ನೂ ಜೂಜನ್ನೂ ಗೆಳೆಯರ ನಡುವೆ ಹೇಳಿಕೊಳ್ಳುವ ಗಂಡಸರು ಒಂದು ವಿಭಕ್ತಿ ಪ್ರತ್ಯಯವನ್ನು ಬಚ್ಚಿಡುವುದೇಕೆ? ಪ್ರಬಂಧದ ಮುಖ್ಯ ಪ್ರಶ್ನೆಯೂ ಇದೇ. ಯಾರೊಡನೆಯೂ ಆಡಲಾಗದ ಭಾಷೆಯೊಂದರಿಂದ ಒಬ್ಬ ಪಡೆಯುವ ಸಂತೋಷ ನ್ಯಾಯವಾದದ್ದೇ, ಅಥವಾ ಅದು ಬರಿಯ ಕಾಲಹರಣವೇ?

ಟೋಲ್ಕೀನರು ಉತ್ತರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾರೆ. ಮೊದಲನೆಯದು ಮಕ್ಕಳಿಬ್ಬರು ಕಟ್ಟಿದ ‘ಆನಿಮಾಲಿಕ್’. ಪ್ರಾಣಿಪಕ್ಷಿಗಳ ಹೆಸರುಗಳಿಂದಲೇ ಹೆಣೆದ ಈ ಭಾಷೆಯಲ್ಲಿ ‘ನಲವತ್ತು’ ಎಂದರೆ ಕತ್ತೆ, ‘ಕತ್ತೆ’ ಎಂದರೆ ನಲವತ್ತು! ಇದು ನಮ್ಮ ‘ಕ’ ಭಾಷೆಯ ಮಟ್ಟದ್ದು. ಗುಟ್ಟೇ ಅದರ ಗುರಿ. ಅನಂತರ ಬಂದ ‘ನೆವ್‌ಬಾಷ್’ನಲ್ಲಿ ಇಂಗ್ಲಿಷು, ಫ್ರೆಂಚು, ಲ್ಯಾಟಿನ್ ಪದಗಳ ರೂಪಗೆಡಿಸಿದ ಬೆರಕೆಯಿದೆ, ಗುಟ್ಟಿಗಿಂತ ಪದಗಳನ್ನು ಹೊಸೆಯುವ ಖುಷಿ ಹೆಚ್ಚು. ಆ ಮೇಲಿನ ‘ನಫಾರಿನ್’ ಅವರೊಬ್ಬರದೇ ಸ್ವಂತ ಸೃಷ್ಟಿ; ಅಲ್ಲಿ ಗುಟ್ಟಿನ ಅಗತ್ಯವೇ ಇಲ್ಲ, ಕಿವಿಗೆ ಇಂಪಾಗುವುದಷ್ಟೇ ಮುಖ್ಯ. ಹೀಗೆ ಉಪಯೋಗದಿಂದ ಸೊಗಸಿನ ಕಡೆಗೆ ಸಾಗುವ ದಾರಿಯನ್ನು ತೋರಿಸಿ, ಕಟ್ಟಿದ ಭಾಷೆಯೂ ಒಂದು ಕಲಾಕೃತಿ ಎಂದು ಅವರು ವಾದಿಸುತ್ತಾರೆ. ಅದನ್ನು ಅಳೆಯುವ ಒರೆಗಲ್ಲುಗಳನ್ನೂ ಕೊಡುತ್ತಾರೆ: ನಾದ ಅರ್ಥಗಳ ಹೊಂದಿಕೆ, ವ್ಯಾಕರಣದ ಅಚ್ಚುಕಟ್ಟು, ಆ ಭಾಷೆಗೊಂದು ಪೂರ್ವಚರಿತ್ರೆಯಿದ್ದಂತೆ ತೋರುವ ಭ್ರಮೆ, ಕೊನೆಗೆ ಅದಕ್ಕೆ ತಕ್ಕ ಒಂದು ಪುರಾಣ. ತಾವು ಕಟ್ಟಿದ ಭಾಷೆಗಳಲ್ಲಿ ರಚಿಸಿದ ಪದ್ಯಗಳನ್ನೂ ಅನುವಾದ ಸಮೇತ ಸಭೆಯ ಮುಂದಿಡುತ್ತಾರೆ.

ಈ ಪ್ರಬಂಧದ ದೊಡ್ಡ ಗುಣವೆಂದರೆ, ಭಾಷೆ ಎಂದರೆ ವ್ಯವಹಾರದ ಸಾಧನ ಎಂಬ ಗಟ್ಟಿ ನಂಬಿಕೆಯನ್ನು ಅದು ಅಲ್ಲಾಡಿಸುತ್ತದೆ. ನಾವು ಮಕ್ಕಳಿಗೆ ಭಾಷೆ ಕಲಿಸುವಾಗಲೆಲ್ಲ ಮೊದಲು ಎತ್ತುವ ಪ್ರಶ್ನೆ ‘ಇದರಿಂದ ಏನು ಸಿಗುತ್ತದೆ’ ಎಂಬುದೇ. ಸಂಗೀತ ಕಲಿಯುವ ಹುಡುಗಿಯನ್ನು ಯಾರೂ ಹಾಗೆ ಕೇಳುವುದಿಲ್ಲ. ಷಷ್ಠೀ ವಿಭಕ್ತಿಯಲ್ಲಿ ಸೊಗಸು ಕಂಡವನನ್ನು ಮಾತ್ರ ಅನುಮಾನದಿಂದ ನೋಡುತ್ತೇವೆ. ಪದದ ರೂಪವೇ ಒಂದು ರುಚಿ ಎಂಬ ಸತ್ಯವನ್ನು ಇಷ್ಟು ಸರಳವಾಗಿ, ಇಷ್ಟು ವಿನೋದವಾಗಿ ಹೇಳಿದ ಬರಹವನ್ನು ನಾನು ಬೇರೆ ಓದಿಲ್ಲ.

ಆದರೆ ಟೋಲ್ಕೀನರ ಎರಡು ಅಭಿಪ್ರಾಯಗಳನ್ನು ನಾನು ಒಪ್ಪಲಾರೆ.

ಮೊದಲನೆಯದು ಪುರಾಣದ ವಿಷಯ. 1956ರ ಸುಮಾರಿಗೆ ಬರೆದ ಪತ್ರವೊಂದರಲ್ಲಿ ಅವರು, ವೊಲಾಪ್ಯೂಕ್, ಎಸ್ಪೆರಾಂಟೊ ಮೊದಲಾದ ಭಾಷೆಗಳು ಸತ್ತ ಭಾಷೆಗಳು, ಏಕೆಂದರೆ ಅವನ್ನು ಕಟ್ಟಿದವರು ಅವುಗಳಿಗೆ ಐತಿಹ್ಯಗಳನ್ನು ಕಟ್ಟಲಿಲ್ಲ ಎಂಬರ್ಥದ ಮಾತನ್ನಾಡಿದ್ದಾರೆ. ಚರಿತ್ರೆ ಬೇರೆಯೇ ಹೇಳುತ್ತದೆ. ಜರ್ಮನಿಯ ಪಾದ್ರಿ ಷ್ಲೈಯರ್ 1880ರ ಸುಮಾರಿಗೆ ವೊಲಾಪ್ಯೂಕನ್ನು ಪ್ರಕಟಿಸಿ, ಅದರ ಮೇಲೆ ಕೊನೆಯ ಮಾತು ತಮ್ಮದೇ ಆಗಿರಬೇಕೆಂದು ಹಟ ಹಿಡಿದರು. ಸುಧಾರಣೆಯ ಜಗಳದಲ್ಲಿ ಚಳವಳಿಯೇ ಒಡೆದುಹೋಯಿತು. ಕಣ್ಣಿನ ವೈದ್ಯರಾದ ಜಾಮೆನ್‌ಹಾಫರು 1887ರಲ್ಲಿ ವಾರ್ಸಾದಲ್ಲಿ ಎಸ್ಪೆರಾಂಟೊವಿನ ಮೊದಲ ಪುಸ್ತಕವನ್ನು ಹೊರತಂದಾಗ, ಅದರ ಮೇಲಿನ ತಮ್ಮ ಹಕ್ಕನ್ನೇ ಬಿಟ್ಟುಕೊಟ್ಟರು. 16 ನಿಯಮಗಳ ಆ ಭಾಷೆಯನ್ನು ಜನ ಎತ್ತಿಕೊಂಡರು; 1905ರಲ್ಲಿ ಫ್ರಾನ್ಸಿನ ಬೂಲೋನ್ ಪಟ್ಟಣದಲ್ಲಿ ಅವರ ಮೊದಲ ವಿಶ್ವ ಸಮ್ಮೇಳನ ನೆರೆಯಿತು. ಆ ಭಾಷೆಯಲ್ಲಿ ಸ್ವತಂತ್ರ ಕಾವ್ಯವಿದೆ, ಕಾದಂಬರಿಗಳಿವೆ. ಎಸ್ಪೆರಾಂಟೊವನ್ನೇ ಮನೆಮಾತಾಗಿ ಕೇಳುತ್ತ ಬೆಳೆದ ಮಕ್ಕಳೂ ಇದ್ದಾರೆ. ಕಟ್ಟಿದವನು ಐತಿಹ್ಯ ಕೊಡದಿದ್ದರೇನು, ಆಡುವವರು ತಮ್ಮ ಪ್ರೀತಿ ಜಗಳಗಳಿಂದಲೇ ಅದಕ್ಕೊಂದು ಚರಿತ್ರೆಯನ್ನು ಕೊಟ್ಟರು. ಆಡುವ ಜನರಿಲ್ಲದ ಭಾಷೆಗೆ ಪುರಾಣ ಬೇಕಾಗುತ್ತದೆ ಎಂದಿದ್ದರೆ ಟೋಲ್ಕೀನರ ಮಾತು ಸರಿಯಾಗುತ್ತಿತ್ತು. ಎಲ್ಲ ಭಾಷೆಗೂ ಬೇಕು ಎಂದದ್ದು ಅತಿಯಾಯಿತು.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ಪ್ರತಿಯೊಬ್ಬನಿಗೂ ಹುಟ್ಟಿನಿಂದ ಬಂದ ಒಂದು ಭಾಷಾರುಚಿ ಇರುತ್ತದೆ, ಅದು ತೊಟ್ಟಿಲಲ್ಲಿ ಕಲಿತ ಮಾತಿಗಿಂತ ಬೇರೆಯಾದದ್ದು ಎಂಬ ವಿಚಾರ ಅವರಿಗೆ ಬಹಳ ಪ್ರಿಯ. 1955ರ ‘ಇಂಗ್ಲಿಷ್ ಅಂಡ್ ವೆಲ್ಷ್’ ಎಂಬ ಉಪನ್ಯಾಸದಲ್ಲಿ ಅದನ್ನು ವಿಸ್ತರಿಸಿದ್ದಾರೆ. ಅವರ ಬಾಳಿನಲ್ಲಿ ಇದಕ್ಕೆ ನಿದರ್ಶನ ಫಿನ್ನಿಷ್ ಭಾಷೆ. ವಿದ್ಯಾರ್ಥಿಯಾಗಿದ್ದಾಗ ಎಕ್ಸೆಟರ್ ಕಾಲೇಜಿನ ಪುಸ್ತಕ ಭಂಡಾರದಲ್ಲಿ ಒಂದು ಫಿನ್ನಿಷ್ ವ್ಯಾಕರಣ ಸಿಕ್ಕಿತು. ಅದರ ಮತ್ತಿನಲ್ಲಿ ಪಠ್ಯದ ಓದು ಹಿಂದೆ ಬಿತ್ತು. 1913ರ ಪರೀಕ್ಷೆಯಲ್ಲಿ ಎರಡನೆಯ ದರ್ಜೆ ಬಂತು. ಮುಂದೆ ಆ ನಾದವೇ ಅವರ ಎಲ್ಫ್ ಜನರ ‘ಕ್ವೆನ್ಯಾ’ ಭಾಷೆಗೆ ಮೂಲವಾಯಿತು.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆಯಿದೆ. ಈ ಪ್ರಬಂಧವನ್ನು ಓದಿದ ಮೇಲೆ ಕುತೂಹಲ ತಾಳಲಾರದೆ ನಾನೂ ಒಂದು ಫಿನ್ನಿಷ್ ವ್ಯಾಕರಣವನ್ನು ತರಿಸಿಕೊಂಡೆ. ಫಿನ್‌ಲೆಂಡಿಗೆ ಹೋಗುವ ಯೋಗ ನನಗಿಲ್ಲ. ಆ ಭಾಷೆಯವರೊಬ್ಬರನ್ನೂ ನಾನು ಕಂಡಿಲ್ಲ. ಆದರೂ ಬೆಳಗಿನ ಕಾಫಿಯ ಹೊತ್ತಿಗೆ ನಾಲ್ಕು ಪದಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುವುದು ರೂಢಿಯಾಯಿತು. ‘ಏನೂಂದ್ರೆ, ಇದನ್ನೆಲ್ಲ ಯಾರ ಹತ್ತಿರ ಮಾತಾಡ್ತೀರಿ?’ ಎಂದು ನನ್ನಾಕೆ ಕೇಳಿದಳು. ಉತ್ತರ ಹೊಳೆಯಲಿಲ್ಲ.

ಆದರೆ ಪುಸ್ತಕದಲ್ಲಿ ಮುಂದುವರಿದಂತೆ ಒಂದು ವಿಚಿತ್ರ ಅನುಭವವಾಯಿತು. ‘ತಲೊ’ ಎಂದರೆ ಮನೆ. ‘ತಲೊಸ್ಸ’ ಎಂದರೆ ಮನೆಯಲ್ಲಿ. ಇಂಗ್ಲಿಷಿನಂತೆ ಪದದ ಮುಂದೆ ಬಿಡಿ ಶಬ್ದವಿಲ್ಲ. ನಮ್ಮಲ್ಲಿಯಂತೆಯೇ ಪ್ರತ್ಯಯ ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ‘ಕುಕ’ ಎಂದರೆ ಯಾರು, ‘ಕುಕ್ಕ’ ಎಂದರೆ ಹೂವು. ಒಂದು ಒತ್ತಕ್ಷರದಿಂದ ಅರ್ಥ ಬೇರೆಯಾಗುತ್ತದೆ. ಇದು ನಮ್ಮ ಕತೆಗೂ ಕತ್ತೆಗೂ ಇರುವ ಅಂತರವೇ ತಾನೆ! ಫಿನ್ನಿಷಿನ 15 ವಿಭಕ್ತಿಗಳು ಇಂಗ್ಲಿಷರಿಗೆ ದುರ್ಗಮ ಕಾಡು. ಕನ್ನಡಿಗನಿಗೆ ಕೋಣೆಗಳು ಹೆಚ್ಚಿರುವ ಒಂದು ಮನೆ, ಅಷ್ಟೆ. ಕ್ವೆನ್ಯಾದಲ್ಲಿಯೂ ಹೀಗೆಯೇ. ‘ಕಿರ್ಯ’ ಎಂದರೆ ಹಡಗು, ‘ಕಿರ್ಯಸ್ಸೆ’ ಎಂದರೆ ಹಡಗಿನಲ್ಲಿ. ಸಪ್ತಮೀ ವಿಭಕ್ತಿಯನ್ನು ಕಂಡ ಕೂಡಲೆ, ದೂರದ ಊರಿನಲ್ಲಿ ಸೋದರಮಾವನ ಮುಖಚಹರೆಯ ಒಬ್ಬರನ್ನು ಕಂಡಂತಾಯಿತು. ಈ ಭಾಷೆಗಳು ನಮ್ಮ ಬಂಧುಗಳೆಂದು ನಾನು ಹೇಳುತ್ತಿಲ್ಲ. ಹೋಲಿಕೆ ಕಟ್ಟಡದ್ದು, ರಕ್ತದ್ದಲ್ಲ.

ಇದರಿಂದ ನನಗೆ ಹೊಳೆದದ್ದು ಇಷ್ಟು. ಟೋಲ್ಕೀನರನ್ನು ಫಿನ್ನಿಷ್ ಸೆಳೆದದ್ದು ಅದು ಇಂಗ್ಲಿಷಿನಿಂದ ಬಹು ದೂರವಿದ್ದುದರಿಂದ. ನನ್ನನ್ನು ಸೆಳೆದದ್ದು ಅದು ಕನ್ನಡಕ್ಕೆ ಹತ್ತಿರವೆನ್ನಿಸಿದ್ದರಿಂದ. ಒಂದೇ ಭಾಷೆ ಒಬ್ಬರಿಗೆ ಅಪೂರ್ವ, ಇನ್ನೊಬ್ಬರಿಗೆ ಪರಿಚಿತ. ಹಾಗಾದರೆ ರುಚಿ ಹುಟ್ಟಿನಿಂದ ಬಂದದ್ದು, ತಾಯ್ನುಡಿಗೆ ಹೊರತಾದದ್ದು ಎನ್ನುವುದು ಹೇಗೆ? ದೂರವನ್ನಾಗಲಿ ಸಾಮೀಪ್ಯವನ್ನಾಗಲಿ ನಾವಿಬ್ಬರೂ ಅಳೆದದ್ದು ತೊಟ್ಟಿಲ ಮಾತಿನ ಸೇರಿನಿಂದಲೇ. ಪರಭಾಷೆಯ ಕಾವ್ಯಕ್ಕೆ ಮನಸೋತ ಬಿ. ಎಂ. ಶ್ರೀಯವರು ‘ಇಂಗ್ಲಿಷ್ ಗೀತಗಳು’ ಕೊಟ್ಟಾಗ, ಅವರ ಕೈಯಲ್ಲಿದ್ದ ಸೇರೂ ಕನ್ನಡದ್ದೇ ಅಲ್ಲವೆ?

ಟೋಲ್ಕೀನರ ಭಾಷೆಗಳ ಕೊರತೆಯೂ ಇಲ್ಲಿಂದಲೇ ಅರ್ಥವಾಗುತ್ತದೆ. 1915ರ ಸುಮಾರಿಗೆ ತೊಡಗಿದ ಕ್ವೆನ್ಯಾವನ್ನು ಅವರು ಬಾಳಿನುದ್ದಕ್ಕೂ ತಿದ್ದುತ್ತಲೇ ಇದ್ದರು. ಈ ಉಪನ್ಯಾಸದಲ್ಲಿ ಓದಿದ ಕೊನೆಯ ಹಡಗಿನ ಪದ್ಯವನ್ನೇ ದಶಕಗಳ ಮೇಲೆ ಮತ್ತೆ ಬೇರೆ ರೂಪದಲ್ಲಿ ಬರೆದರು. ಧ್ವನಿ ಬದಲಾದ ಬಗೆ, ಎಲ್ಫ್ ಜನರು ಅಗಲಿದ ಕಾಲ, ಇವೆಲ್ಲ ಅಲ್ಲಿ ವಿವರವಾಗಿವೆ. ಆದರೆ ಆ ಭಾಷೆಯಲ್ಲಿ ಒಂದು ದಿನದ ಸಂಸಾರವನ್ನು ನಡೆಸಲು ಬೇಕಾಗುವಷ್ಟು ಪದಸಂಪತ್ತಿಲ್ಲ. ‘ಹಾಗಲ್ಲ, ಹೀಗೆ’ ಎಂದು ತಿದ್ದುವ ಅತ್ತೆಯಾಗಲಿ, ತಪ್ಪು ಮಾತಾಡಿ ಅದನ್ನೇ ರೂಢಿಗೆ ತರುವ ಮಗುವಾಗಲಿ ಆ ಭಾಷೆಗೆ ಇರಲಿಲ್ಲ. ಆ ಪಾತ್ರಗಳನ್ನೆಲ್ಲ ಅವರೊಬ್ಬರೇ ವಹಿಸಬೇಕಾಯಿತು. ಅವರ ಕಾದಂಬರಿಯ ಊರು, ಹೊಳೆ, ವೀರರ ಹೆಸರುಗಳಲ್ಲಿ ಒಂದು ನಂಟು ಕಾಣುತ್ತದೆ, ಒಂದು ವಂಶದ ಮಕ್ಕಳಂತೆ. ಈ ಚಟ ಲೋಕಕ್ಕೆ ಕೊಟ್ಟ ದೊಡ್ಡ ಫಲ ಅದು. ಆ ಫಲ ಮಾಗಿದ್ದು ಕೂಡ ಅವರ ತಾಯ್ನುಡಿಯಾದ ಇಂಗ್ಲಿಷಿನ ಗದ್ಯದಲ್ಲಿ.

ಅಂದು ನಾಚಿಕೆಯಾಗಿದ್ದುದು ಇಂದು ಒಂದು ಕಸುಬೂ ಆಗಿದೆ. ‘ಸ್ಟಾರ್ ಟ್ರೆಕ್’ ಚಿತ್ರಗಳಿಗಾಗಿ ಮಾರ್ಕ್ ಒಕ್ರಾಂಡ್ ಕಟ್ಟಿದ ಕ್ಲಿಂಗಾನ್ ಭಾಷೆಗೆ 1985ರಲ್ಲಿ ನಿಘಂಟೇ ಬಂತು. 2015ರ ‘ಬಾಹುಬಲಿ’ಯಲ್ಲಿ ಕಾಲಕೇಯರು ಗರ್ಜಿಸಿದ ಕಿಲಿಕಿ ಭಾಷೆಯನ್ನು ತಮಿಳು ಕವಿ ಮದನ್ ಕಾರ್ಕಿ ರಚಿಸಿದ್ದನ್ನು ಓದುಗರಲ್ಲಿ ಅನೇಕರು ಬಲ್ಲರು. ಇವು ಕೇಳಿದವರಿಗೆ ಮಾಡಿಕೊಟ್ಟ ಭಾಷೆಗಳು. ಟೋಲ್ಕೀನರದು ಯಾರೂ ಕೇಳದೆ ಮಾಡಿದ್ದು. ಎರಡಕ್ಕೂ ಬೆಲೆಯಿದೆ. ಆದರೆ ಒದ್ದೆ ಡೇರೆಯಲ್ಲಿ ಒಬ್ಬ ಸಿಪಾಯಿಗೆ ಬೇಸರದ ಪಾಠವನ್ನು ಮರೆಸಿದ್ದು ಎರಡನೆಯದೇ ಎಂಬುದನ್ನು ಮರೆಯಬಾರದು.

ಹೀಗಾಗಿ ಈ ಅಭ್ಯಾಸವನ್ನು ಟೋಲ್ಕೀನರಂತೆ ಚಟವೆಂದು ಕರೆಯಲು ನನಗೆ ಮನಸ್ಸಿಲ್ಲ. ಕಟ್ಟಿದ ಭಾಷೆಯಾಗಲಿ, ಬಳಸುವ ಅವಕಾಶವೇ ಇಲ್ಲದೆ ಕಲಿತ ಪರಭಾಷೆಯಾಗಲಿ, ಒಬ್ಬನನ್ನು ಎಲ್ಲಿಗೂ ಕರೆದೊಯ್ಯದಿರಬಹುದು. ಕುಳಿತಲ್ಲಿಯೇ ಅವನ ಕಿವಿಯನ್ನು ಚುರುಕುಗೊಳಿಸುತ್ತದೆ. ಮೊನ್ನೆ ಒಳಗಿನಿಂದ ‘ಮನೆಯಲ್ಲಿ ಸಕ್ಕರೆ ಮುಗಿದಿದೆ’ ಎಂಬ ಕೂಗು ಬಂತು. ನಾನು ಚೀಲ ಹಿಡಿದು ಹೊರಡುವ ಬದಲು, ಆ ‘ಅಲ್ಲಿ’ ಪ್ರತ್ಯಯವನ್ನು ಮೊದಲ ಸಲ ಕೇಳಿದವನಂತೆ ಒಂದು ಕ್ಷಣ ಸುಮ್ಮನೆ ಕುಳಿತೆ. ಇಷ್ಟು ವರ್ಷ ಅದು ನನ್ನ ಬಾಯಲ್ಲಿತ್ತು, ಕಿವಿಗೆ ಬಿದ್ದಿರಲಿಲ್ಲ. ಇದನ್ನೆಲ್ಲ ಯಾರ ಹತ್ತಿರ ಮಾತಾಡುತ್ತೀರಿ ಎಂಬ ಪ್ರಶ್ನೆಗೆ ಈಗ ನನ್ನಲ್ಲಿ ಉತ್ತರವಿದೆ. ಸಕ್ಕರೆ ತಂದ ಮೇಲೆ ಹೇಳುವುದು ಕ್ಷೇಮವೆಂದು ಅಂಗಡಿಗೆ ಹೊರಟೆ.