ದೂರ ಎಂದರೆ ಯಾವಾಗಿನ ದೂರ?

ಪಿ.ಜೆ. ಬಡಾವಣೆಯಲ್ಲಿ ನಿಂತು ‘ಹರಿಹರ ಎಷ್ಟು ದೂರ?’ ಎಂದು ಕೇಳಿದರೆ ‘ಬಸ್ಸಲ್ಲಿ ಅರ್ಧ ಗಂಟೆ’ ಎನ್ನುತ್ತಾರೆ. ದೂರವನ್ನು ಹೊತ್ತಿನಲ್ಲಿ ಹೇಳುವುದು ನಮ್ಮ ರೂಢಿ. ‘ಜ್ಯೋತಿರ್ವರ್ಷ’ ಎಂಬ ಪದ ನಮಗೆ ಸುಲಭವಾಗಿ ಒಗ್ಗಿದ್ದೂ ಅದರಿಂದಲೇ ಇರಬೇಕು. ಕನ್ನಡದ ವಿಜ್ಞಾನ ಬರಹ ಎಡವುವುದೂ ಇಲ್ಲಿಯೇ.

‘1350 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿ’ ಎಂಬಂಥ ವಾಕ್ಯವನ್ನು ನಾವೆಲ್ಲ ಓದಿದ್ದೇವೆ. ಪುಸ್ತಕ ವಿಮರ್ಶೆಯೊಂದರಲ್ಲಿ ನಾನೇ ಬರೆದಿದ್ದೇನೆ. 2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೋರಿಸಿದ ಜೇಡ್ಸ್-ಜಿಎಸ್-ಝಡ್14-0 ಗ್ಯಾಲಕ್ಸಿಯನ್ನೇ ತೆಗೆದುಕೊಳ್ಳಿ. ಅದರ ಬೆಳಕು ಸುಮಾರು 1350 ಕೋಟಿ ವರ್ಷ ಸಾಗಿ ಬಂದಿದೆ, ನಿಜ. ಆದರೆ ಬೆಳಕು ಹೊರಟಾಗ ನಾವೀಗ ಇರುವ ಜಾಗಕ್ಕೂ ಅದಕ್ಕೂ ನಡುವೆ ಇದ್ದದ್ದು ಸುಮಾರು 220 ಕೋಟಿ ಜ್ಯೋತಿರ್ವರ್ಷ. ಈಗ ಇರುವುದು ಸುಮಾರು 3400 ಕೋಟಿ. ಬಸ್ಸು ಓಡುತ್ತಿರುವಾಗ ರಸ್ತೆಯೂ ಉದ್ದವಾಗುತ್ತ ಹೋದರೆ, ಅರ್ಧ ಗಂಟೆ ಎಂಬುದರಿಂದ ಹರಿಹರದ ದೂರ ತಿಳಿಯುವುದಿಲ್ಲ. 1350 ಕೋಟಿ ಎನ್ನುವುದು ಪಯಣದ ಕಾಲ. ಅದನ್ನು ‘ದೂರ’ ಎಂದು ಕರೆದು ನಾವು ಮುಗಿಸಿಬಿಡುತ್ತೇವೆ.

ಅಳೆಯುವವರ ಕೈಗೆ ನೇರವಾಗಿ ಸಿಗುವುದು ದೂರವಲ್ಲ. ಬೆಳಕಿನ ಅಲೆ ಎಷ್ಟು ಹಿಗ್ಗಿದೆ ಎಂಬ ಲೆಕ್ಕ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನಲ್ಲಿ ‘ಸರಸ್ 3’ ಆಂಟೆನಾ ತೇಲಿಬಿಟ್ಟು ಹುಡುಕಿದ್ದೂ ಇಂಥ ಹಿಗ್ಗಿದ ಅಲೆಯನ್ನೇ. ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ನಿನ 21 ಸೆಂ.ಮೀ. ಅಲೆ ಇಲ್ಲಿಗೆ ತಲುಪುವಾಗ ಸುಮಾರು ನಾಲ್ಕು ಮೀಟರ್ ಆಗಿರುತ್ತದೆ. ಅದರ ಗುರುತು ಸಿಕ್ಕಿತೆಂದು 2018ರಲ್ಲಿ ಅಮೆರಿಕದ ತಂಡವೊಂದು ಹೇಳಿತ್ತು. ಅವರು ಹೇಳಿದ ಆಕಾರದ ಗುರುತು ನಮ್ಮ ಅಳತೆಯಲ್ಲಿ ಇಲ್ಲ ಎಂದು 2022ರಲ್ಲಿ ಇವರು ಪ್ರಕಟಿಸಿದರು. ಎಷ್ಟು ಖಚಿತ ಎಂಬುದನ್ನೂ ಹೇಳಿದರು: ಶೇ 95.3.

ತಾನು ಯಾವುದನ್ನು, ಎಷ್ಟರಮಟ್ಟಿಗೆ ಹೇಳುತ್ತಿದ್ದೇನೆ ಎಂಬ ಈ ಎಚ್ಚರ ನಮ್ಮ ಗದ್ಯಕ್ಕೂ ಬೇಕು. ಅದಕ್ಕೆ ಹೊಸ ಪಾರಿಭಾಷಿಕ ಪದಗಳೇನೂ ಬೇಡ. ‘ಬೆಳಕು ಹೊರಟಾಗ ಇಷ್ಟು ದೂರ, ಈಗ ಇಷ್ಟು’ ಎಂದರೆ ಸಾಕು. ಓದುಗರಿಗೆ ಕಷ್ಟವಾಗುತ್ತದೆ ಎಂಬ ನೆಪದಲ್ಲಿ ಇದನ್ನು ಕೈಬಿಡುತ್ತೇವೆ, ಕಷ್ಟವಾಗುವುದು ಕೈಬಿಟ್ಟಾಗಲೇ. ವಿಶ್ವದ ವಯಸ್ಸು 1380 ಕೋಟಿ ವರ್ಷ, ಕಾಣುವ ವಿಶ್ವದ ಅಂಚು 4600 ಕೋಟಿ ಜ್ಯೋತಿರ್ವರ್ಷ ದೂರ ಎಂದು ಓದಿದ ವಿದ್ಯಾರ್ಥಿ, ಎರಡರಲ್ಲಿ ಒಂದು ಸುಳ್ಳೇ ಇರಬೇಕು ಎಂದುಕೊಂಡರೆ ತಪ್ಪು ಅವಳದಲ್ಲ. ನಾವು ಬರೆದ ವಾಕ್ಯದ್ದು.