ಬಿಡದ ಬೋಲ್ಟು, ಬಿಗಿದ ಕೈ

ಬೈಕಿನ ಆಯಿಲ್ ಬದಲಿಸುವ ಕೆಲಸದಲ್ಲಿ ಕಷ್ಟದ ಜಾಗ ಒಂದೇ. ಎಂಜಿನ್ನಿನ ಹೊಟ್ಟೆಯಡಿ ಕೆಸರು ಮೆತ್ತಿಕೊಂಡು, ಬಗ್ಗಿ ನೋಡಿದರಷ್ಟೇ ಕಾಣುವ ಡ್ರೈನ್ ಬೋಲ್ಟು. ಅದು ಸಲೀಸಾಗಿ ಬಿಟ್ಟರೆ ಉಳಿದದ್ದು ಅರ್ಧ ಗಂಟೆಯ ಮಾತು. ಬಿಡದಿದ್ದರೆ ಭಾನುವಾರವೂ ಹೋಯಿತು, ಬೋಲ್ಟಿನ ಮೂಲೆಗಳೂ ಹೋದವು. ಹಟಕ್ಕೆ ಬಿದ್ದು ಇನ್ನಷ್ಟು ಬಲ ಹಾಕಿದರೆ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸೇ ಬಿರುಕು ಬಿಡುತ್ತದೆ. ಕೆಲವೇ ರೂಪಾಯಿಯ ಬೋಲ್ಟಿನಿಂದ ಎಂಜಿನ್ ಪೂರ್ತಿ ಬಿಚ್ಚುವ ಖರ್ಚಿಗೆ ಬಂದು ನಿಲ್ಲುವುದು ಹೀಗೆ.

ಬೋಲ್ಟು ಕಚ್ಚಿಕೊಂಡಿದೆ ಅಂದಕೂಡಲೇ ಎಲ್ಲರೂ ತುಕ್ಕನ್ನು ದೂರುತ್ತಾರೆ, ಡಬ್ಲ್ಯೂಡಿ-40 ಡಬ್ಬಿ ತಂದು ಸಿಂಪಡಿಸುತ್ತಾರೆ. ಸೈಲೆನ್ಸರಿನ ನಟ್ಟಿಗೆ, ಚೈನ್ ಅಡ್ಜಸ್ಟರಿಗೆ ಆ ಮದ್ದು ಸರಿ. ಡ್ರೈನ್ ಬೋಲ್ಟಿನ ಸಂಗತಿ ಬೇರೆ. ಇಡೀ ಗಾಡಿಯಲ್ಲಿ ಇದರಷ್ಟು ಎಣ್ಣೆ ಕುಡಿದ ಥ್ರೆಡ್ಡು ಇನ್ನೊಂದಿಲ್ಲ. ಒಳಗಿನಿಂದ ಸದಾ ಆಯಿಲ್ ತಾಗಿರುತ್ತದೆ, ಹೊರಗಿನಿಂದ ನೀರು ನುಗ್ಗದಂತೆ ವಾಷರ್ ಕಾದಿರುತ್ತದೆ. ಆ ವಾಷರನ್ನು ದಾಟಿ ಸ್ಪ್ರೇ ತಾನೇ ಒಳಗೆ ಹೋಗುವುದು ಹೇಗೆ? ಕಾರವಾರ, ಮಲ್ಪೆಯ ಉಪ್ಪುಗಾಳಿಯಲ್ಲಿ ಬಹುಕಾಲ ನಿಂತ ಗಾಡಿಗಳಲ್ಲಿ ಬೋಲ್ಟಿನ ತಲೆ ತುಕ್ಕು ಹಿಡಿದು, ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿ ಕಟ್ಟಿರುತ್ತದೆ, ನಿಜ. ಆದರೆ ನಾನು ಕಂಡ ಹಟಮಾರಿ ಬೋಲ್ಟುಗಳಲ್ಲಿ ಬಹುಪಾಲು ಅತಿಯಾಗಿ ಬಿಗಿದವೇ. ಹಿಂದಿನ ಸಲ ಸ್ಪ್ಯಾನರ್ ಹಿಡಿದ ಕೈ ಅವನ್ನು ಹಾಗೆ ಮಾಡಿಟ್ಟಿತ್ತು.

ಎಷ್ಟು ಬಿಗಿಯಬೇಕು ಎಂದು ಕಂಪನಿಗಳು ಹೇಳುವುದನ್ನು ಓದಿದರೆ, ಇಷ್ಟೇನಾ ಅನ್ನಿಸುತ್ತದೆ. ಹೋಂಡಾದ ಸಣ್ಣ ಎಂಜಿನ್ನುಗಳ 12 ಮಿ.ಮೀ. ಡ್ರೈನ್ ಬೋಲ್ಟಿಗೆ ಸರ್ವಿಸ್ ಪುಸ್ತಕ ಕೊಡುವ ಅಂಕಿ 24 ನ್ಯೂಟನ್ ಮೀಟರ್. 20 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು 12 ಕಿಲೋ ಭಾರ ಹಾಕಿದಷ್ಟು. ಒಂದು ಕೈಯ, ಅದೂ ಅರ್ಧ ಮನಸ್ಸಿನ ಎಳೆತ. ಈಗ ಅದೇ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಅರ್ಧ ಮೀಟರ್ ಮಾಡಿಕೊಂಡು 30 ಕಿಲೋ ಬಲ ಹಾಕಿ. 147 ನ್ಯೂಟನ್ ಮೀಟರ್ ಆಯಿತು, ಬೇಕಾದ್ದಕ್ಕಿಂತ ಆರು ಪಟ್ಟು. ಉಕ್ಕಿನ ಬೋಲ್ಟು ಸ್ವಲ್ಪ ಮಟ್ಟಿಗೆ ತಡೆದುಕೊಂಡೀತು. ಅದನ್ನು ಹಿಡಿದಿರುವ ಅಲ್ಯೂಮಿನಿಯಂ ಥ್ರೆಡ್ಡಿಗೆ ಆ ತಾಳಿಕೆ ಎಲ್ಲಿಂದ ಬರಬೇಕು?

ಹೀಗೇಕೆ ಬಿಗಿಯುತ್ತಾರೆ ಎಂದು ಮೈಸೂರಿನ ಹಳೆಯ ಮೇಸ್ತ್ರಿಯೊಬ್ಬರನ್ನು ಕೇಳಿದ್ದೆ. "ಲೀಕ್ ಆದ್ರೆ ಗಿರಾಕಿ ವಾಪಸ್ ಬಂದು ಬೈತಾರೆ ಸಾರ್. ಟೈಟ್ ಆಯ್ತು ಅಂತ ಯಾರೂ ಬೈಯಲ್ಲ" ಎಂದರು. ಇಡೀ ರೋಗದ ಮೂಲ ಈ ಮಾತಿನಲ್ಲಿದೆ. ಸೋರಿಕೆಯ ಭಯ. ಆದರೆ ಸೋರಿಕೆ ತಡೆಯಬೇಕಾದದ್ದು ಬೋಲ್ಟಿನ ಬಿಗಿಯಲ್ಲ, ಅದರ ಕೊರಳಲ್ಲಿರುವ ತೆಳ್ಳಗಿನ ಅಲ್ಯೂಮಿನಿಯಂ ಅಥವಾ ತಾಮ್ರದ ವಾಷರು. ಮೆತ್ತಗಿನ ಲೋಹ, ಬೋಲ್ಟಿನ ತಲೆ ಮತ್ತು ಕೇಸಿನ ನಡುವೆ ತುಸು ಜಜ್ಜಿ, ಎರಡೂ ಮುಖಗಳ ಸಣ್ಣ ಗೀರುಗಳನ್ನು ತುಂಬಿಕೊಳ್ಳುವುದೇ ಅದರ ಕೆಲಸ. ಒಮ್ಮೆ ಜಜ್ಜಿದ್ದು ಗಟ್ಟಿಯಾಗುತ್ತದೆ. ಅದನ್ನೇ ಮತ್ತೆ ಹಾಕಿದರೆ ಹನಿ ಜಿನುಗುತ್ತದೆ, ಜಿನುಗಿತೆಂದು ಇನ್ನಷ್ಟು ಬಿಗಿಯುತ್ತಾರೆ, ಮುಂದಿನ ಸಲ ಅದಕ್ಕೂ ಮಿಗಿಲು. ಹಳೆಯ ವಾಷರು ಕೇಸಿಗೇ ಅಂಟಿಕೊಂಡಿದ್ದು ಗೊತ್ತಾಗದೆ ಅದರ ಮೇಲೆ ಇನ್ನೊಂದನ್ನು ಕೂರಿಸುವುದೂ ಉಂಟು. ಬೋಲ್ಟು ಕೈಗೆ ಬಂದಾಗ ಅದರ ಜೊತೆ ವಾಷರು ಬಂತೇ ಎಂದು ನೋಡಿ. ಬರದಿದ್ದರೆ ಮೇಲೆಯೇ ಕೂತಿದೆ, ಉಗುರಿನಿಂದ ಎಬ್ಬಿಸಿ.

ಬಿಚ್ಚುವ ಉಪಾಯವೂ ಇಲ್ಲಿಂದಲೇ ಹುಟ್ಟುತ್ತದೆ. ಯಾವುದೇ ಬೋಲ್ಟನ್ನು ಬಿಗಿಯುವಾಗ ನಾವು ಹಾಕುವ ಬಲದ ಸುಮಾರು ಅರ್ಧ ಭಾಗ ತಲೆಯಡಿಯ ಉಜ್ಜಾಟಕ್ಕೇ ಹೋಗುತ್ತದೆ, 40 ಪಾಲು ಥ್ರೆಡ್ಡಿನ ಉಜ್ಜಾಟಕ್ಕೆ. ನಿಜವಾಗಿ ಬೋಲ್ಟನ್ನು ಎಳೆದು ಹಿಡಿಯುವುದು ನೂರರಲ್ಲಿ ಹತ್ತು ಪಾಲು ಮಾತ್ರ. ಇದು ಎಂಜಿನಿಯರುಗಳು ಬಳಸುವ ಸ್ಥೂಲ ಲೆಕ್ಕ. ಅಂದರೆ ಡ್ರೈನ್ ಬೋಲ್ಟು ಹೆಚ್ಚು ಕಚ್ಚಿರುವುದು ತಲೆ ಮತ್ತು ವಾಷರು ಕೂಡುವ ಕಡೆ. ಆ ಕಚ್ಚು ಬಿಡಿಸಲು ಸ್ಪ್ರೇಗಿಂತ ಸುತ್ತಿಗೆ ಮೇಲು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗದಿದ್ದಾಗ ತಟ್ಟಿ ಸಡಿಲಿಸುತ್ತೇವಲ್ಲ, ಹಾಗೆ. ಬೋಲ್ಟಿನ ತಲೆಯ ನಟ್ಟನಡುವೆ ಕಬ್ಬಿಣದ ಸರಳಿಟ್ಟು, ಕೆಳಗಿನಿಂದ ಮೇಲಕ್ಕೆ ನೇರವಾಗಿ, ಹದವಾಗಿ ಎರಡು ಮೂರು ಪೆಟ್ಟು. ಕೇಸು ಅಲ್ಯೂಮಿನಿಯಂ ಎಂಬುದು ನೆನಪಿರಲಿ, ಕಲ್ಲು ಒಡೆಯುವ ಪೆಟ್ಟು ಬೇಡ. ಆಮೇಲೆ ಸ್ಪ್ಯಾನರ್ ಹಾಕಿದರೆ ಎಷ್ಟೋ ಬೋಲ್ಟುಗಳು ಟಕ್ಕೆಂದು ಬಿಡುತ್ತವೆ.

ಯಾವ ಸ್ಪ್ಯಾನರ್? ಇಲ್ಲಿ ನನ್ನದು ಕಟ್ಟುನಿಟ್ಟು. ಆರು ಮೂಲೆಯ ಸಾಕೆಟ್ಟು, ಅಷ್ಟೇ. ರಿಂಗ್ ಸ್ಪ್ಯಾನರುಗಳಲ್ಲಿ ಬಹುತೇಕ ಹನ್ನೆರಡು ಮೂಲೆಯವು. ಅವು ಬೋಲ್ಟಿನ ಮೂಲೆಗಳನ್ನು ಹಿಡಿಯುತ್ತವೆ. ಆರು ಮೂಲೆಯದು ಮಟ್ಟಸ ಬದಿಗಳನ್ನು ಹಿಡಿಯುತ್ತದೆ. ಸಲೀಸಾದ ಬೋಲ್ಟಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಕಚ್ಚಿದ್ದಕ್ಕೆ ಗೊತ್ತಾಗುತ್ತದೆ. ಫಿಕ್ಸ್ ಸ್ಪ್ಯಾನರ್ ಮತ್ತು ಸ್ಕ್ರೂ ಸ್ಪ್ಯಾನರನ್ನು ಈ ಬೋಲ್ಟಿನ ಹತ್ತಿರಕ್ಕೂ ತರಬೇಡಿ. ಇನ್ನೊಂದು: ಹಳೆಯ ಬುಲೆಟ್ಟಿನ ಕಾಲದ ಇಂಚಿನ ಸ್ಪ್ಯಾನರುಗಳು ಇನ್ನೂ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿವೆ. 11/16 ಇಂಚಿನದು ಸ್ಪ್ಲೆಂಡರಿನ ಹದಿನೇಳರ ತಲೆಗೆ ಕೂತಂತೆ ಅನ್ನಿಸುತ್ತದೆ. ಅದರ ಅಳತೆ 17.46 ಮಿ.ಮೀ. ಆ ಅರ್ಧ ಮಿಲಿಮೀಟರ್ ಸಡಿಲವೇ ಮೂಲೆಗಳನ್ನು ಸವೆಸಲು ಸಾಕು.

ಬೋಲ್ಟಿನ ತಲೆಯ ಮಣ್ಣನ್ನು ತಂತಿ ಬ್ರಷ್ಷಿನಿಂದ ಮೊದಲು ಉಜ್ಜಿ ತೆಗೆಯಿರಿ. ಮಣ್ಣಿದ್ದರೆ ಸಾಕೆಟ್ಟು ಪೂರ್ತಿ ಕೂರುವುದಿಲ್ಲ. ತಲೆಯೊಳಗೆ ಅಲೆನ್ ಕೀ ಹಾಕುವ ಮಾದರಿಯಾದರೆ ಗುಳಿಯಲ್ಲಿ ಗಟ್ಟಿಯಾದ ಕೆಸರನ್ನು ಸೂಜಿಯಲ್ಲಿ ಕೆದಕಬೇಕು.

ಇನ್ನು ದಿಕ್ಕು. ಇದನ್ನು ಹೇಳಿದರೆ ಅನುಭವಿಗಳಿಗೆ ಕೋಪ ಬರುತ್ತದೆ, ಆದರೂ ಹೇಳಲೇಬೇಕು. ಬೋಲ್ಟಿನ ತಲೆ ನೆಲದ ಕಡೆ ನೋಡುತ್ತಿದೆ. ನಾವು ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೇಲಿನಿಂದ ಬಗ್ಗಿದ್ದೇವೆ. ಬೋಲ್ಟಿನ ತಲೆಯನ್ನು ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿರುವ ಸುತ್ತು, ಮೇಲಿನಿಂದ ನೋಡುವವನಿಗೆ ಮುಳ್ಳಿನ ಜೊತೆಗೇ ಸುತ್ತಿದಂತೆ ಕಾಣುತ್ತದೆ. ಹೀಗಾಗಿ ಬಿಚ್ಚುತ್ತಿದ್ದೇನೆಂದು ನಂಬಿಕೊಂಡು, ಬಿಡುತ್ತಿಲ್ಲವೆಂದು ಪೈಪು ಹಾಕಿ ಮತ್ತಷ್ಟು ಬಿಗಿದವರಿದ್ದಾರೆ. ಥ್ರೆಡ್ಡು ಕಿತ್ತ ಎಂಜಿನ್ನುಗಳಲ್ಲಿ ಇಂತಹವೂ ಸೇರಿವೆ. ನೆಲಕ್ಕೆ ತಲೆ ತಗ್ಗಿಸಿ, ಬೋಲ್ಟನ್ನು ಕೆಳಗಿನಿಂದಲೇ ನೋಡಿ, ದಿಕ್ಕು ಖಾತ್ರಿ ಮಾಡಿಕೊಂಡ ಮೇಲೆ ಬಲ ಹಾಕಿ.

ಎಂಜಿನ್ ಬಿಸಿ ಮಾಡಿ ಬಿಚ್ಚಬೇಕು ಎಂಬ ಮಾತಿದೆ. ಆಯಿಲ್ ತೆಳ್ಳಗಾಗಿ, ತಳದ ಕಸವನ್ನೂ ಹೊತ್ತು ಹೊರಗೆ ಬರಲಿ ಎಂಬ ಕಾರಣಕ್ಕೆ ಅದು ಸರಿಯಾದ ಮಾತು. ಬಿಸಿಗೆ ಬೋಲ್ಟು ಸಡಿಲವಾಗುತ್ತದೆ ಎಂಬ ಭಾಗವನ್ನು ಮಾತ್ರ ಅಳೆದು ನೋಡಬೇಕು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚೂಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 12 ಮಿ.ಮೀ. ತೂತಿನಲ್ಲಿ, 60 ಡಿಗ್ರಿ ಬಿಸಿ ಏರಿದರೆ, ಬೋಲ್ಟಿಗೂ ತೂತಿಗೂ ಹೆಚ್ಚುವ ಅಂತರ ಒಂದು ಮಿಲಿಮೀಟರಿನ ಸಾವಿರದಲ್ಲಿ ಎಂಟು ಪಾಲು. ಸಹಾಯವೇ, ಆದರೆ ಪವಾಡವಲ್ಲ. ಅದಕ್ಕಾಗಿ ದೂರ ಓಡಿಸಿ ಬಂದು ಕುದಿಯುವ ಆಯಿಲ್ ಕೆಳಗೆ ಮಣಿಕಟ್ಟು ಒಡ್ಡುವುದು ಬೇಡ. ಕೆಲವು ನಿಮಿಷ ಐಡಲಿನಲ್ಲಿ ಓಡಿಸಿ ನಿಲ್ಲಿಸಿದರೆ ಸಾಕು. ಹೊರಗಿನಿಂದ ಹಾಟ್ ಏರ್ ಗನ್ ಬಳಸುವುದಾದರೆ ಬೋಲ್ಟನ್ನು ಬಿಟ್ಟು ಅದರ ಸುತ್ತಲಿನ ಕೇಸನ್ನು ಬಿಸಿ ಮಾಡಿ, ಹಿಗ್ಗಬೇಕಾದದ್ದು ಅದು.

ಮೂಲೆಗಳು ಆಗಲೇ ಉರುಟಾಗಿ ಹೋಗಿದ್ದರೆ ವೈಸ್ ಗ್ರಿಪ್ಪಿಗೆ ಒಂದು ಅವಕಾಶ ಕೊಡಿ. ಅದು ಹಿಡಿಯದಿದ್ದರೆ ಒಂದು ಅಳತೆ ಚಿಕ್ಕ ಸಾಕೆಟ್ಟನ್ನು, ಅಂದರೆ ಹದಿನೇಳಕ್ಕೆ ಹದಿನಾರರದನ್ನು, ಸುತ್ತಿಗೆಯಿಂದ ಬಡಿದು ಕೂರಿಸಿ ತಿರುಗಿಸಬಹುದು. ಚೂಪಾದ ಉಳಿಯನ್ನು ತಲೆಯ ಅಂಚಿಗೆ ಓರೆಯಾಗಿಟ್ಟು ಹೊಡೆದು ತಿರುಗಿಸುವುದು ರಸ್ತೆಬದಿಯಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ. ನನ್ನ ಮಟ್ಟಿಗೆ ಅದು ಕೊನೆಯದು, ಉಳಿ ಜಾರಿದರೆ ಗಾಯವಾಗುವುದು ಕೇಸಿಗೆ.

ಇವೆಲ್ಲಕ್ಕಿಂತ ನಾನು ನಂಬುವುದು ವೆಲ್ಡಿಂಗನ್ನು. ಸವೆದ ತಲೆಯ ಮೇಲೆ ದೊಡ್ಡ ನಟ್ಟೊಂದನ್ನು ಬೆಸುಗೆ ಹಾಕಿಸಿದರೆ ಸ್ಪ್ಯಾನರಿಗೆ ಹೊಸ ತಲೆ ಸಿಕ್ಕಂತೆ. ಬೆಸುಗೆಯ ಕಾವು ಇಳಿಯುವಾಗ ವಾಷರಿನ ಕಚ್ಚೂ ಬಿಟ್ಟಿರುತ್ತದೆ. ಆದರೆ ಮೊದಲು ಆಯಿಲನ್ನು ಫಿಲ್ಲರ್ ತೂತಿನಿಂದ ಸಣ್ಣ ಪ್ಲಾಸ್ಟಿಕ್ ಕೊಳವೆ ಇಳಿಸಿ ಆದಷ್ಟೂ ಹೀರಿ ತೆಗೆಯಬೇಕು. ಬ್ಯಾಟರಿ ಕನೆಕ್ಷನ್ ತೆಗೆಯಬೇಕು, ಇಂಜೆಕ್ಷನ್ ಗಾಡಿಯಾದರೆ ಇಸಿಯು ಕನೆಕ್ಟರನ್ನೂ. ವೆಲ್ಡಿಂಗಿನ ಅರ್ತ್ ಕ್ಲಾಂಪನ್ನು ಬೋಲ್ಟಿನ ತೀರಾ ಹತ್ತಿರ ಹಾಕಲು ಹೇಳಿ. ಹಿಂದಿನ ಚಕ್ರಕ್ಕೆ ಹಾಕಿದರೆ ಕರೆಂಟು ಬೇರಿಂಗುಗಳ ಮೂಲಕ ಹಾದು ಅವನ್ನು ಹಾಳು ಮಾಡುತ್ತದೆ. ಹತ್ತಿರ ಪೆಟ್ರೋಲ್ ಬೇಡ ಎಂದು ಬೇರೆ ಹೇಳಬೇಕಿಲ್ಲ.

ಮೈಸೂರಿನ ಮೇಸ್ತ್ರಿಯ ಮಾತು ಬಂದಿದ್ದರಿಂದ ಇದೊಂದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಬಂದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್. ಎಂಜಿನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನಲ್ಲೇ ಬೆರೆತು ಉರಿದು ಹೋಗುತ್ತದೆ, ಗೇರ್‌ಬಾಕ್ಸಿನ ಎಣ್ಣೆ ಬೇರೆ. ಕಣ್ಣಿಗೆ ಬೀಳದ ಆ ಎಣ್ಣೆಯನ್ನು ಮರೆತೇಬಿಟ್ಟ ಮಾಲೀಕರು ಬಹಳ. ಅಜ್ಜನ ಯೆಜ್ಡಿಯನ್ನು ಮೊಮ್ಮಗ ಕೆಳಗಿಳಿಸಿ ಒರೆಸಿದಾಗ, ಆ ಡ್ರೈನ್ ಬೋಲ್ಟು ನಿಜಕ್ಕೂ ಕಾಲದಿಂದ ಕಚ್ಚಿದ್ದಾಗಿರುತ್ತದೆ. ಅಲ್ಲಿ ಅವಸರವೇ ಶತ್ರು. ಪೆಟ್ಟು, ಕಾವು, ಸ್ಪ್ಯಾನರ್. ಬಿಡದಿದ್ದರೆ ಒಂದು ರಾತ್ರಿ ಬಿಟ್ಟು ಮತ್ತೆ ಅದೇ ಕ್ರಮ. ಆ ಕೇಸುಗಳನ್ನು ಮತ್ತೆ ಯಾರೂ ಎರಕ ಹೊಯ್ಯುವುದಿಲ್ಲ.

ಬೋಲ್ಟು ಬಂತು, ಜೊತೆಗೆ ಅಲ್ಯೂಮಿನಿಯಂ ಥ್ರೆಡ್ಡೂ ಸುರುಳಿಯಾಗಿ ಬಂತು ಅನ್ನಿ. ಆಗ ಅಂಗಡಿಯವರು ಮೂರು ದಾರಿ ತೋರಿಸುತ್ತಾರೆ: ಟೆಫ್ಲಾನ್ ಟೇಪು ಸುತ್ತುವುದು, ಎಂಸೀಲ್ ಮೆತ್ತುವುದು, ತಾನೇ ಥ್ರೆಡ್ಡು ಕೊರೆದುಕೊಂಡು ಹೋಗುವ ಓವರ್‌ಸೈಜ್ ಬೋಲ್ಟು ತಿರುಗಿಸುವುದು. ಮೂರನ್ನೂ ಒಲ್ಲೆ ಎನ್ನಿ. ಟೇಪಿನ ಚೂರು ಒಳಗೆ ಸೇರಿದರೆ ಆಯಿಲ್ ಜಾಲರಿಗೆ ಅಡ್ಡ ಕೂರುತ್ತದೆ, ಎಂಸೀಲ್ ಮೆತ್ತಿದ ಮೇಲೆ ಮುಂದಿನ ಸಲ ಬಿಚ್ಚುವುದು ಹೇಗೆ? ಓವರ್‌ಸೈಜ್ ಬೋಲ್ಟು ಓರೆಯಾಗಿ ಹೊಕ್ಕು ಕೇಸನ್ನು ಸೀಳಬಹುದು. ಸರಿಯಾದ ಕೆಲಸ ಹೆಲಿಕಾಯಿಲ್. ತೂತನ್ನು ಅದರದೇ ಟ್ಯಾಪಿನಿಂದ ಕೊರೆದು, ಸ್ಟೀಲಿನ ಸುರುಳಿ ಕೂರಿಸಿದರೆ ಹಳೆಯ ಅಳತೆಯ ಬೋಲ್ಟೇ ಮತ್ತೆ ಹಿಡಿಯುತ್ತದೆ, ಮೂಲ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿಯಾಗಿ. ಟ್ಯಾಪಿನ ಸಾಲುಗಳಿಗೆ ದಪ್ಪ ಗ್ರೀಸು ತುಂಬಿಕೊಂಡರೆ ಲೋಹದ ಪುಡಿ ಅದಕ್ಕೇ ಅಂಟುತ್ತದೆ. ಆಮೇಲೆ ಅಗ್ಗದ ಆಯಿಲ್ ಸ್ವಲ್ಪ ಸುರಿದು ತೊಳೆದುಬಿಡಿ. ಕೇಸೇ ಬಿರುಕು ಬಿಟ್ಟಿದ್ದರೆ ಆರ್ಗಾನ್ ವೆಲ್ಡಿಂಗಿನಲ್ಲಿ ತುಂಬಿಸಿ, ಲೇತಿನವರ ಕೈಯಲ್ಲಿ ಹೊಸದಾಗಿ ಕೊರೆಸಬೇಕು.

ತಿರುಗಿ ಹಾಕುವುದು ಸುಲಭ, ಹಾಗಾಗಿಯೇ ಅಲ್ಲಿ ಯಾರೂ ಗಮನ ಕೊಡುವುದಿಲ್ಲ. ಮೂಲೆ ಸವೆದ ಬೋಲ್ಟನ್ನು ಎಸೆದು ಹೊಸದು ತನ್ನಿ. ಕೂರುವ ಮುಖವನ್ನು ಬಟ್ಟೆಯಿಂದ ಒರೆಸಿ, ಹೊಸ ವಾಷರು ಹಾಕಿ, ಬೋಲ್ಟನ್ನು ಬರೀ ಬೆರಳಿನಿಂದ ನಾಲ್ಕೈದು ಸುತ್ತು ತಿರುಗಿಸಿ. ಬೆರಳಿಗೆ ತಡೆ ಸಿಕ್ಕರೆ ಥ್ರೆಡ್ಡು ಓರೆ ಹಿಡಿದಿದೆ. ತೆಗೆದು ಮತ್ತೆ ಹಾಕಿ. ಬೆರಳು ನಿಂತ ಮೇಲೆ ಟಾರ್ಕ್ ರೆಂಚು. ಅದಿಲ್ಲದವರು ಸ್ಪ್ಯಾನರನ್ನು ತಲೆಗೆ ಹತ್ತಿರ, ಮೊಟಕಾಗಿ ಹಿಡಿದು, ವಾಷರು ಜಜ್ಜುವುದು ಕೈಗೆ ತಿಳಿದು ಆಮೇಲೆ ಗಟ್ಟಿಯಾದ ತಡೆ ಬಂದಲ್ಲಿ ನಿಲ್ಲಿಸಿ. ತಾಮ್ರದ ವಾಷರು ಹೊಸದು ಸಿಗದ ಊರಿನಲ್ಲಿ ಹಳೆಯದನ್ನೇ ಗ್ಯಾಸ್ ಒಲೆಯ ಮೇಲೆ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿ, ಕರಿ ಉಜ್ಜಿ ಬಳಸಬಹುದು. ತಾಮ್ರ ಮತ್ತೆ ಮೆತ್ತಗಾಗುತ್ತದೆ. ಅಲ್ಯೂಮಿನಿಯಂ ವಾಷರಿಗೆ ಇದನ್ನು ಮಾಡಬೇಡಿ, ಅದು ಕೆಂಪಾಗುವ ಮೊದಲೇ ಕರಗುತ್ತದೆ.

ವಾಷರನ್ನು ಒಂದೊಂದೇ ಕೊಳ್ಳಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೋ ಗಾಡಿಯ ಮಾಡೆಲ್ ಹೇಳಿ ಐದಾರು ಒಟ್ಟಿಗೆ ತನ್ನಿ, ಸೀಟಿನಡಿಯ ಟೂಲ್ ಕಿಟ್ಟಿನಲ್ಲಿ ಇಟ್ಟುಕೊಳ್ಳಿ. ಗಾಡಿಯನ್ನು ಹೊರಗೆ ಸರ್ವಿಸಿಗೆ ಬಿಡುವ ದಿನ ಅದರಲ್ಲೊಂದನ್ನು ಮೇಸ್ತ್ರಿಯ ಕೈಯಲ್ಲಿಟ್ಟು, "ಹೊಸ ವಾಷರ್ ಇದೆ ಅಣ್ಣಾ, ಪೈಪ್ ಹಾಕ್ಬೇಡಿ, ಲೀಕ್ ಆದ್ರೆ ನಾನೇ ನೋಡ್ಕೋತೀನಿ" ಅನ್ನಿ. ಆ ಕೊನೆಯ ಮಾತನ್ನು ಮರೆಯದೆ ಹೇಳಿ. ಅವರು ಹೆದರುವುದು ಅದಕ್ಕೇ.