ರಂಗಪ್ಪ ಭಾವನಾದ ಬೆಟ್ಟದಲ್ಲಿ ಮನುಷ್ಯ ಯಾರು?

ಮನುಷ್ಯನೆಂದರೆ ವಿಚಾರ ಬಲ್ಲ ಪ್ರಾಣಿ ಎಂದು ಅರಿಸ್ಟಾಟಲ್‌ನ ಕಾಲದಿಂದ ಹೇಳಿಕೊಂಡು ಬಂದಿದ್ದೇವೆ. ಈಚೆಗೆ ಗೋಷ್ಠಿಗಳಲ್ಲಿ ಮಾತು ತಿರುಗಿದೆ: ಮನುಷ್ಯ ನಡುಮನೆಯಲ್ಲಿ ಕೂತದ್ದೇ ತಪ್ಪು, ಎದ್ದು ಆಚೆ ಹೋಗಲಿ, ಕಾಡನ್ನು ಅದರ ಪಾಡಿಗೆ ಬಿಡಲಿ. ಕೇಳಲು ವಿನಯವೇ. ಚಾಮರಾಜನಗರ ಜಿಲ್ಲೆಯಲ್ಲಿ ನಿಂತು ನೋಡಿದರೆ ಮಾತ್ರ ಎರಡೂ ಒಂದೇ ರಾಗ. ಹಳೆಯ ಯಜಮಾನನೂ ಕಾಡಿನ ಹೊರಗಿದ್ದ, ಈ ವಿನಯವಂತನೂ ಹೊರಗೇ ಇದ್ದಾನೆ.

ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟಿನವರಾದ ಸೋಲಿಗರಿಗೆ ಅಲ್ಲಿನ ದೇವರು ರಂಗನಾಥ, ಅಂದರೆ ರಂಗಪ್ಪ, ಭಾವ. ತಮ್ಮ ಹೆಣ್ಣು ಕುಸುಮಾಲೆಯನ್ನು ಕಟ್ಟಿಕೊಂಡವನು. ಭಾವನಿಗೆ ಕೈಮುಗಿಯಬಹುದು, ಹೆಣ್ಣು ಕೊಟ್ಟವರೆಂಬ ಸಲುಗೆಯಲ್ಲಿ ದಬಾಯಿಸಲೂಬಹುದು. ಮೇಲೆ ದೇವರು, ನಡುವೆ ಮನುಷ್ಯ, ಕೆಳಗೆ ಮೃಗ ಎಂಬ ಮೆಟ್ಟಿಲು ಇಲ್ಲಿ ನಿಲ್ಲುವುದಿಲ್ಲ. ಎಲ್ಲವೂ ಒಂದೇ ಎಂಬ ಅದ್ವೈತವೂ ನಿಲ್ಲುವುದಿಲ್ಲ, ನೆಂಟಸ್ತನಕ್ಕೆ ಎರಡು ಮನೆ ಬೇಕಲ್ಲ! ಗೆಣಸು ಅಗೆದವರು ಒಂದು ತುಂಡನ್ನು ಮಣ್ಣಿಗೇ ಬಿಡುವುದು, ನೆಲ್ಲಿ ಕೊಯ್ದವರು ಪ್ರಾಣಿಗಳ ಪಾಲು ಮರದಲ್ಲಿ ಉಳಿಸುವುದು ಇದೇ ಕೊಡುಕೊಳ್ಳುವಿಕೆಯ ಲೆಕ್ಕ.

ಹಾಗೆಂದು 'ಪ್ರಕೃತಿಯ ಮಡಿಲ ಮುಗ್ಧರು' ಎಂದು ಅವರಿಗೆ ಹಾರ ಹಾಕುವುದೂ ಬೇಡ. (ಹಾರ ಹಾಕುವ ಕೈಗಳೇ ಪೋಡಿಗೆ, ಅಂದರೆ ಸೋಲಿಗರ ಹಾಡಿಗೆ, ರಸ್ತೆ ಏಕೆ ಎಂದೂ ಕೇಳುತ್ತವೆ.) ಅವರು ಕಾಡಿಗೆ ಕೈಹಚ್ಚಿದವರು. ಬೇಸಿಗೆ ಬಲಿಯುವ ಮುನ್ನ ನೆಲದ ಒಣ ಎಲೆಗೆ ಸಣ್ಣಗೆ ತರಗು ಬೆಂಕಿ ಇಡುತ್ತಿದ್ದರು. ಹೊಸ ಹುಲ್ಲು ಚಿಗುರುತ್ತಿತ್ತು, ನೆಲ್ಲಿಮರದ ಕೊಂಬೆಗೆ ಬೇರಿಳಿಸಿ ರಸ ಹೀರುವ ಉಪ್ಪಿಲು ಹತೋಟಿಯಲ್ಲಿರುತ್ತಿತ್ತು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು, ಬೆಂಕಿ ನಿಂತಿತು. ಆಮೇಲೆಯೇ ಲಂಟಾನ ಆಳೆತ್ತರ ಬೆಳೆದದ್ದು, ಉಪ್ಪಿಲು ಹಬ್ಬಿದ್ದು ಎನ್ನುತ್ತಾರೆ ಸೋಲಿಗರು. ಬೇರೆ ಕಾರಣಗಳೂ ಕೂಡಿರಬಹುದು. ಮನುಷ್ಯನನ್ನು ಕಳೆದರೆ ಉಳಿದದ್ದೇ ಶುದ್ಧ ಕಾಡು ಎಂಬ ಲೆಕ್ಕವಂತೂ ತಾಳೆಯಾಗಲಿಲ್ಲ.

ಗುಂಡ್ಲುಪೇಟೆ ಕಡೆ ನೆಂಟಸ್ತನದ ಕಹಿ ಕಾಣುತ್ತದೆ. ಬಂಡೀಪುರದಂಚಿನ ಹೊಲದಲ್ಲಿ ಅಟ್ಟಣೆ ಕಟ್ಟಿ ರಾತ್ರಿಯಿಡೀ ಆನೆ ಕಾಯುವ ರೈತನ ಮುಂದೆ ಸಹಬಾಳ್ವೆಯ ಉಪನ್ಯಾಸ ಕೊಟ್ಟವರು ಬೈಸಿಕೊಂಡೇ ಬರಬೇಕು. 2009ರಲ್ಲಿ ಬಂಡೀಪುರ ಹಾಯುವ ಹೆದ್ದಾರಿಯ ರಾತ್ರಿ ಸಂಚಾರ ನಿಲ್ಲಿಸಿದ್ದು ಸರಿ. ಪ್ರಾಣಿಗಳಿಗೆ ದಾರಿ ಬಿಡಲೇಬೇಕು. ಆದರೆ ಬೆಳಗಿನವರೆಗೆ ಲಾರಿ ನಿಲ್ಲಿಸಿದವನೂ ಒಂದೇ ರಾತ್ರಿಗೆ ಬಾಳೆತೋಟ ಕಳೆದುಕೊಂಡವನೂ ತೆತ್ತದ್ದು ಒಂದೇ ಬೆಲೆಯೇ? 'ಮಾನವ–ಪ್ರಾಣಿ ಸಂಘರ್ಷ' ಎಂದಾಗ ಇಬ್ಬರೂ, ಶನಿವಾರ ಸಫಾರಿಗೆ ಬಂದವನೂ, ಒಂದೇ 'ಮಾನವ'ನಾಗಿಬಿಡುತ್ತಾರೆ. ಮನುಷ್ಯಕೇಂದ್ರಿತ ಚಿಂತನೆಯನ್ನು ಬಯ್ಯುವವರು ಯಾವ ಮನುಷ್ಯ ಎಂದು ಮೊದಲು ಹೇಳಲಿ.

2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಜೇನು, ನೆಲ್ಲಿ ತರಬಹುದು, ಕಾಡನ್ನು ಕಾಯಬಹುದು. ಕಾಯುವುದು ಹೇಗೆಂದು ಅವರು ಬಲ್ಲರು ಎಂಬುದನ್ನು ಮಾತ್ರ ಸರ್ಕಾರ ಇನ್ನೂ ನಂಬಿಲ್ಲ. ತರಗಿಗೆ ಬೆಂಕಿ ಇಟ್ಟರೆ ಇವತ್ತಿಗೂ ಕೇಸು.